ಏಳನೇ ಲೈನಿನ ಬಿಲ್ಲೆ

ಬಿಲ್ಲೆ ಅಂದರೆ ದೊಡ್ಡ ವಸ್ತುವೇನಲ್ಲ. ಅಂಗೈ ಅಗಲದ ಒಂದು ಮರದ ತುಂಡು, ಮೇಲೆ ಬಿಳಿ ಬಣ್ಣದಲ್ಲಿ ಏಳು ಅಂತ ಬರೆದದ್ದು, ತುದಿಯಲ್ಲೊಂದು ತೂತು, ತೂತಿನಲ್ಲಿ ಶರ್ಟಿನ ಬಟ್ಟೆಯ ಅಂಚನ್ನೇ ಹರಿದು ಕಟ್ಟಿದ ದಾರ. ಶರ್ಟು ಹೊಲಿಯುವ ಫ್ಯಾಕ್ಟರಿಯ ಏಳನೇ ಲೈನಿನಲ್ಲಿ ಮೂವತ್ತೆರಡು ಹೊಲಿಗೆ ಮೆಷಿನ್ನು, ಮೂವತ್ತೆರಡು ಹೆಂಗಸರು, ಬಿಲ್ಲೆ ಮಾತ್ರ ಒಂದೇ. ಬಾತ್‌ರೂಮಿಗೆ ಹೋಗಬೇಕಾದವರು ಲೈನಿನ ತಲೆಯಲ್ಲಿರುವ ಸೂಪರ್‌ವೈಸರ್ ಮೇಜಿನ ಹತ್ತಿರ ಬಂದು, ಕೇಳಿ, ಬಿಲ್ಲೆ ತೆಗೆದುಕೊಂಡು ಹೋಗಬೇಕು. ಬಂದ ಮೇಲೆ ವಾಪಸ್ ಕೊಡಬೇಕು. ಅದು ಆಚೆ ಇರುವಷ್ಟು ಹೊತ್ತು ಇನ್ನೊಬ್ಬರು ಏಳುವ ಹಾಗಿಲ್ಲ. ಒಬ್ಬಳು ಎದ್ದರೆ ಸಾಕು, ಅವಳ ಹಿಂದಿನವಳು ಹೊಲಿದದ್ದೆಲ್ಲ ರಾಶಿ ಬೀಳುತ್ತದೆ, ಮುಂದಿನವಳು ಕೈ ಕಟ್ಟಿ ಕೂರುತ್ತಾಳೆ. ಅದಕ್ಕೇ ಈ ಏರ್ಪಾಡು. ಯಾರು ಮಾಡಿದರು, ಯಾವಾಗ ಮಾಡಿದರು, ಯಾರಿಗೂ ಗೊತ್ತಿಲ್ಲ. ಫ್ಯಾಕ್ಟರಿಗೆ ಗೋಡೆ ಇದ್ದ ಹಾಗೆ ಲೈನಿಗೆ ಬಿಲ್ಲೆ ಇತ್ತು.

ಏಳನೇ ಲೈನಿನ ಸೂಪರ್‌ವೈಸರಿಗೆ ಎದುರಿನಲ್ಲಿ ಮೇಡಂ ಅನ್ನುತ್ತಿದ್ದರು, ಬೆನ್ನ ಹಿಂದೆ ನೋಟ್ಸ್ ಮೇಡಂ. ಸಂಜೆ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದಳು. ಹೊಲಿದ ಪೀಸುಗಳ ಲೆಕ್ಕದ ಹಾಳೆಯ ಅಡಿಯಲ್ಲಿ ಸದಾ ಒಂದು ನೋಟ್ಸ್ ಪುಸ್ತಕ ಇಣುಕುತ್ತಿತ್ತು. ಬೆನ್ನ ಹಿಂದಿನ ಹೆಸರೂ ಅವಳಿಗೆ ಗೊತ್ತಿತ್ತು, ಬೇಜಾರಿರಲಿಲ್ಲ. ಇದಕ್ಕೂ ಮೊದಲು ನಾಲ್ಕನೇ ಲೈನಿನಲ್ಲಿ ಒಂಬತ್ತು ವರ್ಷ ತೋಳಿನ ತುದಿಯ ಕಫ್ ಹೊಲಿದವಳು ಅವಳು. ಅಲ್ಲಿನ ಸೂಪರ್‌ವೈಸರಮ್ಮ ಬಿಲ್ಲೆ ಕೇಳಿದರೆ ಮೊದಲು ಗಡಿಯಾರ ನೋಡುತ್ತಿದ್ದಳು, ಆಮೇಲೆ ಕೇಳಿದವಳ ಮುಖ, ಆಮೇಲೆ ಅವಳ ಮೆಷಿನ್ನಿನ ಮುಂದಿನ ರಾಶಿ. ಕೊನೆಗೆ, "ಈಗಲೇನಾ?" ಅನ್ನುತ್ತಿದ್ದಳು. ಆ "ಈಗಲೇನಾ" ಕೇಳಿ ಕೇಳಿ ಅವಳು ಅಂದೇ ಮನಸ್ಸಿನಲ್ಲಿ ಶಪಥ ಮಾಡಿದ್ದಳು: ತಾನೇನಾದರೂ ಆ ಕುರ್ಚಿಯಲ್ಲಿ ಕೂತರೆ ಯಾರಿಗೂ ಇಲ್ಲ ಅನ್ನುವುದಿಲ್ಲ.

ಅನ್ನಲೂ ಇಲ್ಲ. ಮೂರು ವರ್ಷದಲ್ಲಿ ಒಂದೇ ಒಂದು ಸಲವೂ. ಹೆಂಗಸರು ಎದ್ದು ಬರುವುದು ಕಂಡರೆ ಸಾಕು, ಬಾಯಿ ತೆರೆಯುವ ಮೊದಲೇ ಬಿಲ್ಲೆ ಮುಂದೆ ಚಾಚಿ ನಗುತ್ತಿದ್ದಳು. ಮನೆಗೆ ಬೀಗ ಹಾಕಿದೆನೋ ಇಲ್ಲವೋ, ಬರೆದದ್ದು ಸರಿಯೋ ತಪ್ಪೋ, ನಿನ್ನೆ ಆಡಿದ ಮಾತಿನಿಂದ ಯಾರಿಗಾದರೂ ನೋವಾಯಿತೋ ಅಂತ ಇಡೀ ದಿನ ಅನುಮಾನಪಡುವ ಜೀವ ಅದು. ಅನುಮಾನವಿಲ್ಲದೆ ಹೆಮ್ಮೆಪಡುತ್ತಿದ್ದುದು ಇದೊಂದು ವಿಷಯದಲ್ಲಿ ಮಾತ್ರ.

ಹಾಗಾಗಿ ರಾಜ್ಯಶಾಸ್ತ್ರದ ಮೇಷ್ಟ್ರು ಪ್ರಬಂಧದ ವಿಷಯ ಕೊಟ್ಟಾಗ ಅವಳಿಗೆ ಖುಷಿಯೇ ಆಯಿತು. ಮೇಷ್ಟ್ರು ಬೆಳಿಗ್ಗೆ ಎಲ್ಲೋ ಹೈಸ್ಕೂಲಿನಲ್ಲಿ ಪಾಠ ಮಾಡಿ ಸಂಜೆ ಇಲ್ಲಿಗೆ ಬರುವವರು. ಎರಡೂ ಕಡೆಯ ಸೀಮೆಸುಣ್ಣ ಒಂದೇ ಅಂಗಿಯ ತೋಳಿನ ಮೇಲೆ ಇರುತ್ತಿತ್ತು. ವಿಷಯ: ವ್ಯಕ್ತಿಯ ಸ್ವಾತಂತ್ರ್ಯವನ್ನು ಬೇರೆ ಬೇರೆ ರಾಜಕೀಯ ಚಿಂತನೆಗಳು ಹೇಗೆ ಅರ್ಥ ಮಾಡಿಕೊಂಡಿವೆ, ಹತ್ತು ಪುಟ, ತಿಂಗಳ ಕೊನೆಗೆ. ನೋಟ್ಸ್ ಉರು ಹೊಡೆದು ಬರೆದರೆ ಸೊನ್ನೆ, ನಿಮ್ಮ ಬದುಕಿನದೇ ಒಂದು ಉದಾಹರಣೆ ಬೇಕು ಅಂದಿದ್ದರು. ತರಗತಿಯಲ್ಲಿದ್ದ ನರ್ಸ್, ಬಸ್ ಕಂಡಕ್ಟರ್, ಇಬ್ಬರು ಗುಮಾಸ್ತರು ಉದಾಹರಣೆಗೆ ತಲೆ ಕೆರೆದುಕೊಂಡರು. ಅವಳು ಕೆರೆದುಕೊಳ್ಳಲಿಲ್ಲ.

ಮೇಷ್ಟ್ರು ಹೇಳಿದ್ದನ್ನೆಲ್ಲ ಅವಳು ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು. ಅಡ್ಡ ಬರುವವರು ಯಾರೂ ಇಲ್ಲದಿದ್ದರೆ ಅದೇ ಸ್ವಾತಂತ್ರ್ಯ ಅನ್ನುವವರಿದ್ದಾರೆ. ಅಡ್ಡಿ ಇಲ್ಲದಿದ್ದರೆ ಏನು ಬಂತು, ಮಾಡುವ ಶಕ್ತಿ, ಸೌಕರ್ಯ ಬೇಡವೇ ಅನ್ನುವವರಿದ್ದಾರೆ. ಮನುಷ್ಯ ಒಂಟಿಯಾಗಿ ಸ್ವತಂತ್ರನಾಗಲಾರ, ನಾಲ್ಕು ಜನರ ನಡುವೆ ಮಾತ್ರ ಅದಕ್ಕೆ ಅರ್ಥ ಅನ್ನುವವರಿದ್ದಾರೆ. ಕೊನೆಗೆ ಗಂಟೆ ಹೊಡೆಯುವ ಹೊತ್ತಿಗೆ ಮೇಷ್ಟ್ರು ಇನ್ನೊಂದನ್ನು ಅವಸರದಲ್ಲಿ ಸೇರಿಸಿದ್ದರು: ಒಡೆಯ ಎಷ್ಟೇ ಒಳ್ಳೆಯವನಾಗಿರಲಿ, ಒಮ್ಮೆಯೂ ಕೈ ಎತ್ತದಿರಲಿ, ಎತ್ತುವ ಅಧಿಕಾರ ಅವನಲ್ಲಿ ಇರುವ ತನಕ ಅವನ ಕೆಳಗಿರುವವನು ಸ್ವತಂತ್ರನಲ್ಲ ಅಂತಲೂ ಕೆಲವರು ವಾದಿಸುತ್ತಾರೆ. ಅದರ ಕೆಳಗೆ ಹಸಿರು ಪೆನ್ನಿನಲ್ಲಿ ಗೆರೆ ಎಳೆದು ಅವಳು ಪುಟ ತಿರುಗಿಸಿದ್ದಳು. ಮನೆಗೆ ಬಂದು, "ನಮ್ಮ ಲೈನಿನಲ್ಲಿ ಇದುವರೆಗೆ ಯಾರಿಗೂ ಅನುಮತಿ ನಿರಾಕರಿಸಿಲ್ಲ" ಅಂತ ಆರಂಭಿಸಿ ಎರಡು ಪುಟ ಬರೆದೂ ಆಗಿತ್ತು.

ಅಷ್ಟರಲ್ಲಿ ಕಾಜಾ ಅಕ್ಕ ಆಸ್ಪತ್ರೆ ಸೇರಿದಳು.

ಶರ್ಟಿಗೆ ಗುಂಡಿ ತೂರಿಸುವ ಕಾಜಾ ಹಾಕುತ್ತಿದ್ದವಳಾದ್ದರಿಂದ ಅವಳಿಗೆ ಆ ಹೆಸರು. ಲೈನಿನ ಕೊನೆಯಲ್ಲಿ, ಬಾಗಿಲಿನ ಪಕ್ಕದಲ್ಲಿ ಅವಳ ಮೆಷಿನ್ನು. ಐವತ್ತು ದಾಟಿದ ಹೆಂಗಸು, ಲೈನಿಗೆಲ್ಲ ಹಿರಿಯಳು, ಕೈ ಮಾತ್ರ ಅಳೆದಿಟ್ಟ ಹಾಗೆ ನಿಖರ. ಮೂತ್ರದ ಸೋಂಕು ಕಿಡ್ನಿವರೆಗೆ ಏರಿ ಐದು ದಿನ ಜ್ವರದಲ್ಲಿ ಮಲಗಿದ್ದಳು. ವಾಪಸ್ ಬಂದಾಗ ಡಾಕ್ಟರ ಚೀಟಿ ತಂದಿದ್ದಳು: ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು, ತಡೆದುಕೊಂಡು ಕೂರಬಾರದು. ಎಲ್ಲ ಲೈನುಗಳ ಮೇಲಿನ ಫ್ಲೋರ್ ಇನ್‌ಚಾರ್ಜ್ ಚೀಟಿ ಓದಿ, ಇನ್ನೊಂದು ಸಲ ಹೀಗೆ ಮಲಗಿದರೆ ಕಾಜಾ ಮೆಷಿನ್ನು ಬೇರೆಯವರಿಗೆ ಹೋಗುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ ಅಂದ. ಕಾಜಾ ಹೋದರೆ ಆ ವಯಸ್ಸಿನಲ್ಲಿ ಅವಳಿಗೆ ಬೇರೆ ಮೆಷಿನ್ನು ಯಾರೂ ಕೊಡುವುದಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು.

ಮೇಡಂ ಮರುದಿನವೇ ಮನೆಯಿಂದ ಒಂದು ದೊಡ್ಡ ನೀರಿನ ಬಾಟಲಿ ತಂದು ಕಾಜಾ ಮೆಷಿನ್ನಿನ ಪಕ್ಕ ಇಟ್ಟಳು. ಮಧ್ಯಾಹ್ನ ಎರಡೂವರೆಗೆ ಹೋಗಿ ನೋಡಿದರೆ ಬಾಟಲಿ ಇಟ್ಟ ಹಾಗೇ ಇತ್ತು.

"ಯಾಕೆ ಕುಡೀತಿಲ್ಲ ಅಕ್ಕ?"

"ಬಾಯಾರಿಕೆ ಇಲ್ಲ ಮೇಡಂ."

ಮಾರನೆಯ ದಿನವೂ ಬಾಯಾರಿಕೆ ಇರಲಿಲ್ಲ. ಮೂರನೆಯ ದಿನ ಊಟದ ಹೊತ್ತಿನಲ್ಲಿ ಮೇಡಂ ಡಬ್ಬಿ ಹಿಡಿದು ಅವಳ ಪಕ್ಕವೇ ಹೋಗಿ ಕೂತಳು. ಡಾಕ್ಟರು ಹೇಳಿದ್ದು, ಇನ್‌ಚಾರ್ಜ್ ಹೇಳಿದ್ದು ಎಲ್ಲ ನೆನಪಿಸಿದಳು. ಕಾಜಾ ಅಕ್ಕ ಅನ್ನ ಕಲಸುತ್ತ ಹೂಂಗುಟ್ಟಿದಳೇ ಹೊರತು ಬಾಟಲಿ ಕಡೆ ತಿರುಗಲಿಲ್ಲ. ಕೊನೆಗೆ ಮೇಡಂಗೆ ತಾಳ್ಮೆ ಕೆಟ್ಟಿತು.

"ನಾನು ಯಾವತ್ತಾದ್ರೂ ನಿಮಗೆ ಬಿಲ್ಲೆ ಇಲ್ಲ ಅಂದಿದ್ದೀನಾ?"

"ಇಲ್ಲ."

"ಮುಖ ಸಿಂಡರಿಸಿದ್ದೀನಾ?"

"ದೇವರಾಣೆಗೂ ಇಲ್ಲ. ನೀವು ನಗ್ತೀರಿ."

"ಮತ್ತೆ?"

ಕಾಜಾ ಅಕ್ಕ ತುತ್ತು ಕೆಳಗಿಟ್ಟಳು. "ಕೇಳ್ಬೇಕಲ್ಲ ಮೇಡಂ," ಅಂದಳು. "ಅಲ್ಲಿಂದ ಎದ್ದು, ಮೂವತ್ತು ಜನರ ಮುಂದೆ ನಡ್ಕೊಂಡು ಬಂದು, ನಿಮ್ಮ ಮುಂದೆ ಕೈ ಚಾಚಿ ನಿಲ್ಬೇಕು. ನನಗೆ ನಿಮ್ಮಷ್ಟು ದೊಡ್ಡ ಮಗಳಿದ್ದಾಳೆ. ನೀವು ನಕ್ಕು ಕೊಡ್ತೀರಿ, ನಿಜ. ಬೆಳಿಗ್ಗೆ ಬಂದ ತಕ್ಷಣ ನಾನು ನಿಮ್ಮ ಮುಖ ನೋಡ್ತೀನಿ, ಇವತ್ತು ಹೇಗಿದೆ ಅಂತ. ನಿಮ್ಮದು ಒಂದು ದಿನವೂ ಕೆಟ್ಟಿಲ್ಲ. ಆದ್ರೂ ನೋಡ್ತೀನಲ್ಲ. ಅದು ಬೇಡ ಅಂತ ನೀರೇ ಬಿಟ್ಟೆ. ಅಭ್ಯಾಸ ಆಗಿದೆ."

ಮೇಡಂ ಡಬ್ಬಿ ಮುಚ್ಚಿದಳು. ಮೂರು ವರ್ಷದಿಂದ ತಾನು ಹೆಮ್ಮೆಯಿಂದ ನಕ್ಕಿದ್ದೇ ಈ ಹೆಂಗಸಿನ ನೀರು ಕಿತ್ತುಕೊಂಡಿತ್ತು. ನಾಲ್ಕನೇ ಲೈನಿನ ಸೂಪರ್‌ವೈಸರಮ್ಮನಿಗಾದರೂ ಮನಸ್ಸಿನಲ್ಲೇ ಬೈದುಕೊಳ್ಳಬಹುದಿತ್ತು. ತನ್ನಂಥವಳಿಗೆ ಬೈಯುವುದಕ್ಕೂ ಆಗುವುದಿಲ್ಲ. ಅವತ್ತು ಮನೆಗೆ ಬಂದವಳೇ ಬರೆದಿದ್ದ ಎರಡು ಪುಟ ಹರಿದು ಒಲೆಯ ಪಕ್ಕದ ಬುಟ್ಟಿಗೆ ಹಾಕಿದಳು. ಹರಿದದ್ದು ಸರಿಯೋ ಅಂತ ಮತ್ತೆ ತೆಗೆದು ನೋಡಿದಳು. ಮತ್ತೆ ಹಾಕಿದಳು.

ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯ ಮನುಷ್ಯ, ಕೈಯ ಗ್ರೀಸ್ ಹೋಗುವವರೆಗೆ ಮಗಳ ಪುಸ್ತಕ ಮುಟ್ಟುತ್ತಿರಲಿಲ್ಲ. ಆ ಹೊತ್ತಿಗೆ ಅವನ ಅಕ್ಕ ಮನೆಗೆ ಬಂದಿದ್ದಳು, ಚಹಾ ಕುಡಿಯುತ್ತ ಇನ್ನೂ ಎಷ್ಟು ವರ್ಷವಂತೆ ಈ ಕಾಲೇಜು ಅಂತ ವಿಚಾರಿಸುತ್ತಿದ್ದಳು. ಅವನು, "ಓದಲಿ ಬಿಡಕ್ಕ, ನಾನೇ ಬಿಟ್ಟಿದ್ದೀನಿ. ಒಂದು ದಿನ ಬೇಡ ಅಂದಿಲ್ಲ," ಅಂದ. ಎಷ್ಟೋ ಸಲ ಆಡಿದ ಮಾತು. ಹಿಂದೆಲ್ಲ ಅದನ್ನು ಕೇಳಿ ಅವಳಿಗೆ ಎದೆ ತುಂಬುತ್ತಿತ್ತು. ಇವತ್ತು ಅಡುಗೆಮನೆಯಲ್ಲಿ ಚಹಾದ ಲೋಟ ಕೈಯಲ್ಲೇ ಹಿಡಿದು ನಿಂತುಬಿಟ್ಟಳು. ಅವನ ತಪ್ಪೇನಿದೆ? ಬಿಲ್ಲೆ ವಿಷಯದಲ್ಲಿ ತನ್ನದೆಷ್ಟಿತ್ತೋ ಅಷ್ಟೇ.

ಮಾರನೆಯ ಬೆಳಿಗ್ಗೆ ಗಂಡನ ಉಪಕರಣದ ಡಬ್ಬಿಯಿಂದ ಒಂದು ಮೊಳೆ ತೆಗೆದುಕೊಂಡು ಹೋದಳು. ಬಾಗಿಲಿನ ಚೌಕಟ್ಟಿಗೆ ಹೊಡೆದು, ಬಿಲ್ಲೆ ನೇತುಹಾಕಿ, ಲೈನ್ ಶುರುವಾಗುವ ಮೊದಲು ಎಲ್ಲರಿಗೂ ಹೇಳಿದಳು: ಇವತ್ತಿನಿಂದ ನನ್ನನ್ನು ಕೇಳಬೇಕಾಗಿಲ್ಲ, ಬೇಕಾದವರು ತೆಗೆದುಕೊಂಡು ಹೋಗಿ, ತಂದು ನೇತುಹಾಕಿ. ಏನೋ ದೊಡ್ಡದನ್ನು ಬಿಡುಗಡೆ ಮಾಡಿದ ಹಾಗೆ ಅನ್ನಿಸಿತ್ತು. ಹೆಂಗಸರು ಆ ಮೊಳೆಯನ್ನು ಯಾರೋ ಬಿಟ್ಟುಹೋದ ಚಪ್ಪಲಿ ನೋಡುವ ಹಾಗೆ ನೋಡಿದರು.

ಎಲ್ಲರೂ ಮೆಷಿನ್ನಿಗೆ ಕೂತ ಮೇಲೆ ಅವಳು ಕಾಜಾ ಅಕ್ಕನ ಹತ್ತಿರ ಹೋಗಿ, ಈಗಲಾದರೂ ಕುಡಿಯಿರಿ ಅಂದಳು.

"ಕೇಳೋದು ಬೇಡ ಅಂತ ಯಾರು ಹೇಳಿದ್ದು?"

"ನಾನೇ."

"ಅದೇ ಮತ್ತೆ. ಮೊಳೆ ನೀವು ಹೊಡೆದದ್ದು, ನೀವೇ ಕೀಳಬಹುದು. ನಾನು ನೀರು ಕುಡಿಯೋಕೆ ಶುರು ಮಾಡಿ, ಮೈಗೆ ಅದು ಅಭ್ಯಾಸ ಆಗಿ, ಆಮೇಲೆ ನೀವು ಕಿತ್ತರೆ ನನ್ನ ಗತಿ?"

ಕೀಳುವುದಿಲ್ಲ ಅಂತ ಮಾತು ಕೊಡಬಹುದಿತ್ತು. ಆ ಮಾತನ್ನು ಕೊಡುವವಳೂ ತಾನೇ, ಬೇಕಾದರೆ ಮುರಿಯುವವಳೂ ತಾನೇ. ಕೈಗೆ ಅಂಟಿದ ಗೋಂದನ್ನು ಇನ್ನೊಂದು ಕೈಯಿಂದ ತೆಗೆಯಲು ಹೋದ ಹಾಗಾಯಿತು.

ಉಳಿದವರು ಮಾತ್ರ ಅಷ್ಟು ಯೋಚಿಸಲಿಲ್ಲ. ಎರಡನೆಯ ದಿನ ಹತ್ತು ಗಂಟೆಗೆ ಬಿಲ್ಲೆ ಮಾಯ. ಕಾಲರ್ ಹೊಲಿಯುವ ಹುಡುಗಿಯನ್ನು ಎಲ್ಲರೂ ಸ್ಪೀಡ್ ಅನ್ನುತ್ತಿದ್ದರು, ಲೈನಿಗೇ ವೇಗದ ಕೈ ಅವಳದು. ಆಕೆ ತನ್ನ ಕಾಲರುಗಳನ್ನು ಮುಂಚೆಯೇ ಹೊಲಿದು ಗುಡ್ಡೆ ಹಾಕಿ, ಬಿಲ್ಲೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಕೆಳಗೆ ನಿಂತು ಮದುವೆ ನಿಶ್ಚಯವಾದ ಹುಡುಗನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇತ್ತ ತೋಳು ಹಚ್ಚುವ ಇಬ್ಬರು ಕಾಲು ಕಾಲು ಹೊಸೆಯುತ್ತ ಬಾಗಿಲಲ್ಲಿ ಕಾದಿದ್ದರು. ಮೂರನೆಯ ದಿನ ಇಬ್ಬರು ಒಟ್ಟಿಗೆ ಬಿಲ್ಲೆಗೆ ಕೈ ಹಾಕಿ, ದಾರ ಹರಿದು, ಮಾತಿಗೆ ಮಾತು ಬೆಳೆದು, ಒಬ್ಬಳ ಅತ್ತೆಯವರೆಗೂ ಹೋಯಿತು. ಅವತ್ತು ಟಾರ್ಗೆಟ್‌ಗೆ ತೊಂಬತ್ತು ಶರ್ಟು ಕಡಿಮೆ ಬಿತ್ತು. ಇದರ ನಡುವೆ ಕಾಜಾ ಅಕ್ಕನ ಬಾಟಲಿ ತುಂಬಿದ್ದು ತುಂಬಿದ ಹಾಗೇ ಇತ್ತು. ಮೇಡಂ ಗಂಟೆಗೊಮ್ಮೆ ಹೋಗಿ ಅದನ್ನು ನೋಡಿ ಬರುತ್ತಿದ್ದಳು, ಹಾಲು ಉಕ್ಕುತ್ತದೋ ಅಂತ ನೋಡುವವಳ ಹಾಗೆ. ನಾಲ್ಕನೆಯ ದಿನ ಕಾಜಾ ಅಕ್ಕ ಸೊಂಟದ ಹಿಂದೆ ಕೈ ಒತ್ತಿಕೊಂಡು ಕೂತಿದ್ದಳು. ಮತ್ತೆ ನೋವು ಶುರುವಾಗಿತ್ತು.

ಅದೇ ದಿನ ಇನ್‌ಚಾರ್ಜ್ ಮೇಜಿನ ಹತ್ತಿರ ಬಂದು ನಿಂತ. ಎಲ್ಲರನ್ನೂ ಅಮ್ಮಾ ಅನ್ನುವ ಮನುಷ್ಯ. ಆ ಅಮ್ಮಾ ಮೆತ್ತಗಾದಷ್ಟೂ ಅಪಾಯ ಹೆಚ್ಚು. "ನೋಡಮ್ಮಾ, ಶನಿವಾರದೊಳಗೆ ಇದನ್ನ ಸರಿ ಮಾಡು. ಇಲ್ಲ ಅಂದ್ರೆ ಬಾಗಿಲಲ್ಲಿ ಪುಸ್ತಕ ಇಡಿಸ್ತೀನಿ. ಯಾರು, ಎಷ್ಟು ಗಂಟೆಗೆ ಹೋದ್ರು, ಎಷ್ಟಕ್ಕೆ ಬಂದ್ರು, ಎಲ್ಲ ಬರೀಲಿ," ಅಂದ. ಪುಸ್ತಕದಲ್ಲಿ ಹೆಸರು ಬರೆದು ಹೋಗುವುದಾದರೆ ಕಾಜಾ ಅಕ್ಕ ಇನ್ನು ಜನ್ಮದಲ್ಲಿ ನೀರು ಮುಟ್ಟುವುದಿಲ್ಲ ಅಂತ ಮೇಡಂಗೆ ಖಚಿತವಾಗಿತ್ತು.

ಶನಿವಾರ ಊಟಕ್ಕೆ ಬಿಟ್ಟಾಗ ಅವಳು ಇಡೀ ಲೈನನ್ನು ಸೇರಿಸಿದಳು. ಕಟಿಂಗ್ ಮೇಜಿನ ಸುತ್ತ ಡಬ್ಬಿ ಬಿಚ್ಚಿಕೊಂಡು ಕೂತರು. ಬಿಲ್ಲೆಯನ್ನು ಮೇಜಿನ ಮಧ್ಯ ಇಟ್ಟು, ನಿಯಮ ನೀವೇ ಮಾಡಿ, ನಾನು ಮಾತಾಡುವುದಿಲ್ಲ ಅಂದಳು. ತಾವೇ ಮಾಡಿಕೊಂಡ ನಿಯಮವಾದರೆ ಕಾಜಾ ಅಕ್ಕನಿಗೆ ಯಾರ ಮುಖವನ್ನೂ ನೋಡಬೇಕಾಗುವುದಿಲ್ಲ ಅನ್ನುವುದು ಅವಳ ಎಣಿಕೆ.

ಮೊದಲು ಬಾಯಿ ಬಿಟ್ಟವಳು ಸ್ಪೀಡ್. ತನ್ನ ಪೀಸು ತಾನು ಮುಗಿಸುತ್ತೇನೆ, ಆಮೇಲೆ ಬಾತ್‌ರೂಮಿಗೆ ಹೋಗುತ್ತೇನೋ ಚಂದ್ರಲೋಕಕ್ಕೆ ಹೋಗುತ್ತೇನೋ ಅದು ಯಾರಿಗೂ ಸಂಬಂಧವಿಲ್ಲ, ಬಿಲ್ಲೆಯನ್ನು ಒಲೆಗೆ ಹಾಕಿ ಅಂದಳು. ಚಂದ್ರಲೋಕದಲ್ಲಿ ನೆಟ್‌ವರ್ಕ್ ಸಿಗುತ್ತದಾ ಅಂತ ಯಾರೋ ಕೇಳಿದರು. ನಗು ನಿಲ್ಲುವ ಮೊದಲೇ ತೋಳು ಹಚ್ಚುವ ಒಬ್ಬಳು ಎದ್ದಳು. ಹಿಂದಿನ ಫ್ಯಾಕ್ಟರಿಯಲ್ಲಿ ಸಂಘ ಕಟ್ಟಿ ಕೆಲಸ ಕಳೆದುಕೊಂಡವಳಾದ್ದರಿಂದ ಅವಳನ್ನು ಸಂಘದವಳು ಅನ್ನುತ್ತಿದ್ದರು. ಎರಡು ಲೈನಿಗೆ ಮೂರು ಬಾತ್‌ರೂಮು, ಒಂದರಲ್ಲಿ ರಟ್ಟಿನ ಡಬ್ಬ ಪೇರಿಸಿದ್ದಾರೆ, ಇನ್ನೊಂದಕ್ಕೆ ಚಿಲಕ ಇಲ್ಲ, ಉಳಿದದ್ದರ ಮುಂದೆ ಕ್ಯೂ. "ಬಿಲ್ಲೆ ಮರದ್ದಾದ್ರೇನು, ಬೆಳ್ಳಿದಾದ್ರೇನು? ಹೋಗೋಕೆ ಜಾಗ ಇಲ್ದೆ ಹೋಗೋ ಸ್ವಾತಂತ್ರ್ಯ ತಗೊಂಡು ಏನ್ ಮಾಡ್ಲಿ, ತಲೆಗೆ ಮುಡ್ಕೊಳ್ಲಾ?" ಅಂದಳು. ಅಂಚು ಹೊಲಿಯುವ, ಎಲ್ಲರೂ ದೊಡ್ಡಮ್ಮ ಅನ್ನುವವಳು ಇಬ್ಬರಿಗೂ ಕೈ ಅಡ್ಡ ಹಿಡಿದಳು. ನಾನು ನಾನು ಅಂದರೆ ಶರ್ಟಾಗುತ್ತದಾ, ಕಾಲರೇ ಬೇರೆ ತೋಳೇ ಬೇರೆ ಹಾಕಿಕೊಂಡು ಊರೆಲ್ಲ ತಿರುಗಲಿ ಜನ ಅಂತ ಗದರಿದಳು. ಒಬ್ಬಳು ಏಳುವ ಮೊದಲು ಪಕ್ಕದವಳ ರಾಶಿ ನೋಡಿ ಏಳಬೇಕು, ಅಷ್ಟು ಮಾಡಿದರೆ ಯಾವ ಬಿಲ್ಲೆಯೂ ಬೇಡ.

ಮೇಡಂ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು. ಅವಳ ನೋಟ್ಸಿನ ಪುಟಗಳೇ ಡಬ್ಬಿ ಹಿಡಿದು ಎದುರಿಗೆ ಕೂತ ಹಾಗಿತ್ತು. ಒಬ್ಬೊಬ್ಬರು ಮಾತಾಡಿದಾಗಲೂ ಇದೇ ಸರಿ ಅನ್ನಿಸಿತು. ಮುಂದಿನವಳು ಶುರು ಮಾಡಿದರೆ ಅದೂ ಸರಿ. ಮೇಷ್ಟ್ರು ಇದ್ದಿದ್ದರೆ ಖುಷಿಪಡುತ್ತಿದ್ದರೇನೋ. ಅವಳಿಗೆ ತಲೆ ಚಿಟ್ಟು ಹಿಡಿಯಿತು.

ಕೊನೆಗೆ, ಇಡೀ ವರ್ಷ ತುಟಿ ಪಿಟಕ್ಕೆನ್ನದ ಕಫ್ ಹೊಲಿಯುವವಳು ಕೆಳಗೆ ನೋಡುತ್ತಲೇ ಹೇಳಿದಳು: "ಮೇಡಂ ಕೈಯಿಂದ ಬಿಲ್ಲೆ ತಗೊಂಡಿದ್ರೆ ಇನ್‌ಚಾರ್ಜ್ ಎದುರಿಗೆ ಬಂದ್ರೂ ಮಾತಾಡಲ್ಲ. ಮೊಳೆಯಿಂದ ತಗೊಂಡ್ರೆ, ಯಾರನ್ನ ಕೇಳಿ ಎದ್ದೆ ಅಂತಾನೆ. ನಿನ್ನೆ ನನಗೆ ಅಂದ."

ಎಲ್ಲರೂ ಹೌದು ಹೌದು ಅಂದರು. ತಮಗೂ ಅಂದಿದ್ದಾನೆ. ಅಲ್ಲಿಂದ ಮಾತು ಒಂದೇ ಕಡೆ ಹರಿಯಿತು. ದೊಡ್ಡಮ್ಮ, ಬಿಲ್ಲೆ ಮೇಡಂ ಹತ್ತಿರವೇ ಇರಲಿ ಅನ್ನುವವರು ಕೈ ಎತ್ತಿ ಅಂದಳು. ಇಪ್ಪತ್ತೊಂಬತ್ತು ಕೈ ಎದ್ದವು, ಕೆಲವು ಅನ್ನ ಮೆತ್ತಿದವು. ಸ್ಪೀಡ್ ಎತ್ತಲಿಲ್ಲ. ಸಂಘದವಳು ಮೊದಲು ಚಿಲಕ ಆಮೇಲೆ ಕೈ ಅಂದಳು. ಕಾಜಾ ಅಕ್ಕ ಡಬ್ಬಿ ಮುಚ್ಚುತ್ತಿದ್ದಳು.

"ನೀವು ಒಳ್ಳೆಯವರು ಮೇಡಂ," ದೊಡ್ಡಮ್ಮ ಸಮಾಧಾನ ಮಾಡುವವಳ ಹಾಗೆ ಅಂದಳು. "ನೀವಿದ್ರೆ ನಮಗೆ ಚಿಂತೆ ಇಲ್ಲ."

"ನಾಳೆ ನಾನು ಒಳ್ಳೆಯವಳಾಗಿರದಿದ್ರೆ?"

"ನೀವಾ? ಅದು ನಿಮ್ಮ ಕೈಲಾಗಲ್ಲ ಬಿಡಿ."

ಇಡೀ ಮೇಜು ನಕ್ಕಿತು. ಅವಳಿಗೆ ಅಳು ಬರುವುದೊಂದು ಬಾಕಿ. ಬೇಡ ಅಂದರೂ ಕುರ್ಚಿಗೆ ಕಟ್ಟಿಹಾಕುತ್ತಿದ್ದಾರೆ, ಅದೂ ಪ್ರೀತಿಯಿಂದ, ಅದೂ ಕೈ ಎತ್ತಿ. ಬೇಡ ಅನ್ನೋಣವೆಂದರೆ, ಇಪ್ಪತ್ತೊಂಬತ್ತು ಜನ ಮಾಡಿದ ತೀರ್ಮಾನವನ್ನು ಒಬ್ಬಳೇ ತಳ್ಳಿಹಾಕಿದ ಹಾಗೆ. ಒಪ್ಪಿದರೆ ಆ ಬಾಟಲಿ ತುಂಬಿದ ಹಾಗೇ ಉಳಿಯುತ್ತದೆ. ಊಟದ ಹೊತ್ತು ಮುಗಿಯಲು ಐದು ನಿಮಿಷವಿತ್ತು. ಆ ಐದು ನಿಮಿಷದಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಒಂದು ವಿಷಯ ಹೊಳೆಯಿತು, ಹೊಳೆದು ನಾಚಿಕೆಯೂ ಆಯಿತು: ಈ ಮೂರು ವರ್ಷದಲ್ಲಿ ತಾನು ಒಂದು ಸಲವೂ ಬಿಲ್ಲೆ ಹಿಡಿದು ಹೋಗಿಲ್ಲ. ಬೇಕೆನಿಸಿದಾಗ ಎದ್ದು ಹೋಗುತ್ತಿದ್ದಳು. ಸೂಪರ್‌ವೈಸರುಗಳನ್ನು ಕೇಳುವವರು ಯಾರು?

ಬಿಲ್ಲೆಯನ್ನು ಎತ್ತಿ ಕಾಜಾ ಅಕ್ಕನ ಡಬ್ಬಿಯ ಮೇಲೆ ಇಟ್ಟಳು. ಇದನ್ನು ಅಕ್ಕ ಇಟ್ಟುಕೊಳ್ಳಲಿ, ಬಾಗಿಲ ಪಕ್ಕದಲ್ಲೇ ಕೂರುವವಳು, ನನಗಿಂತ ಹಿರಿಯಳು ಅಂದಳು. "ಮೂವತ್ತೊಂದು ಜನಾನೂ ಇವರನ್ನ ಕೇಳಿ. ನಾನೂ ಕೇಳ್ತೀನಿ. ಇನ್‌ಚಾರ್ಜ್‌ಗೆ ನಾನು ಹೇಳ್ಕೊಳ್ತೀನಿ, ಯಾರೂ ಮಾತಾಡದ ಹಾಗೆ."

ನನಗ್ಯಾಕಮ್ಮ ಈ ತಲೆನೋವು ಅಂದಳು ಕಾಜಾ ಅಕ್ಕ. ಅನ್ನುತ್ತಲೇ ದಾರವನ್ನು ಬೆರಳಿಗೆ ಸುತ್ತಿಕೊಂಡಿದ್ದಳು. ಉಳಿದವರಿಗೆ ಮೇಡಂ ಸಾಲಿನಲ್ಲಿ ಬಂದು ಬಿಲ್ಲೆ ಕೇಳುವ ದೃಶ್ಯವೇ ಸಾಕಾಗಿತ್ತು, ನಗುತ್ತ ಒಪ್ಪಿದರು. ಇನ್‌ಚಾರ್ಜ್, ಯಾರ ಹತ್ತಿರವಾದರೂ ಇರಲಿ ನನಗೆ ಶರ್ಟು ಬಂದರಾಯಿತು ಅಂದ.

ಸೋಮವಾರ ಹನ್ನೊಂದು ಗಂಟೆಗೆ ಬಾಟಲಿ ಖಾಲಿ. ಈಗ ಯಾರನ್ನೂ ಕೇಳಬೇಕಾಗಿರದ ಕಾಜಾ ಅಕ್ಕ ತಾನೇ ಎದ್ದು ಹೋಗಿ ತುಂಬಿಸಿಕೊಂಡು ಬಂದಳು. ಮೇಡಂ ಅದನ್ನು ದೂರದಿಂದ ನೋಡಿ ಪೀಸುಗಳ ಹಾಳೆಯ ಮೇಲೆ ಮುಖ ಬಗ್ಗಿಸಿ ಕೂತಳು, ಕಣ್ಣು ತುಂಬಿದ್ದು ಯಾರಿಗೂ ಕಾಣಬಾರದು ಅಂತ. ವಾರದ ಕೊನೆಗೆ ಸೊಂಟದ ನೋವು ಇಳಿದಿತ್ತು. ಎರಡನೆಯ ವಾರ ಡಾಕ್ಟರು ಪರವಾಗಿಲ್ಲ ಅಂದರಂತೆ. ಆ ಖುಷಿಯಲ್ಲೇ ಅವಳು ಹನ್ನೊಂದು ಪುಟ ಬರೆದು ಮೇಷ್ಟ್ರಿಗೆ ಕೊಟ್ಟಳು. ಬಿಲ್ಲೆ, ಮೊಳೆ, ಇಪ್ಪತ್ತೊಂಬತ್ತು ಕೈ, ಎಲ್ಲವೂ ಇತ್ತು. ಮೇಷ್ಟ್ರು ನಾಲ್ಕು ದಿನ ಬಿಟ್ಟು ವಾಪಸ್ ಕೊಟ್ಟರು. ಕೊನೆಯ ಪುಟದಲ್ಲಿ ಕೆಂಪು ಶಾಯಿ: ಉದಾಹರಣೆ ಚೆನ್ನಾಗಿದೆ. ಆದರೆ ನೀವು ಯಾವ ವಾದದ ಪರ? ತೀರ್ಮಾನ ಬರೆದು ಗುರುವಾರದೊಳಗೆ ಕೊಡಿ.

ತೀರ್ಮಾನ ಬರೆಯಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಮೂರನೆಯ ವಾರ ಶುರುವಾಗಿತ್ತು.

ಕಾಜಾ ಅಕ್ಕ ಬಿಲ್ಲೆಯನ್ನು ಕಾಜಾದಷ್ಟೇ ನಿಖರವಾಗಿ ನಡೆಸುತ್ತಿದ್ದಳು. ಯಾರು ಎಷ್ಟು ಸಲ ಹೋದರು, ಎಷ್ಟು ಹೊತ್ತು ಇದ್ದರು, ಎಲ್ಲ ಅವಳ ಬಾಯಲ್ಲಿತ್ತು. ಈಗ ತಾನೇ ಹೋಗಿದ್ದೆಯಲ್ಲ ಅನ್ನುತ್ತಿದ್ದಳು. ಮನೆಯಿಂದ ಹೊರಡುವಾಗಲೇ ಮುಗಿಸಿಕೊಂಡು ಬರಬಾರದಾ ಅನ್ನುತ್ತಿದ್ದಳು. ಅನ್ಯಾಯ ಅಂತ ಹೇಳುವ ಹಾಗೂ ಇರಲಿಲ್ಲ. ಕೊನೆಗೆ ಎಲ್ಲರಿಗೂ ಕೊಡುತ್ತಿದ್ದಳು. ಟಾರ್ಗೆಟ್ ದಿನವೂ ಮುಟ್ಟುತ್ತಿತ್ತು, ಇನ್‌ಚಾರ್ಜ್ ಬಂದು ಅಕ್ಕನನ್ನು ಹೊಗಳಿ ಹೋಗಿದ್ದ. ಸ್ಪೀಡ್‌ಗೆ ಮಾತ್ರ ಎರಡು ಸಲ ಇಲ್ಲ ಅಂದಿದ್ದಳು, ಫೋನು ಇಲ್ಲಿಟ್ಟು ಹೋದರೆ ಕೊಡುತ್ತೇನೆ ಅಂತ. ಸಂಘದವಳು ಮೇಡಂ ಮೇಜಿನ ಮುಂದೆ ಹಾದುಹೋಗುವಾಗ, "ಚಿಲಕ ಇನ್ನೂ ಬಂದಿಲ್ಲ," ಅಂತ ಅಂದು ಹೋಗುತ್ತಿದ್ದಳು. ಮೇಡಂ ಎರಡು ಸಲ ಬರೆದುಕೊಟ್ಟಿದ್ದಳು. ಬಂದಿರಲಿಲ್ಲ.

ಬುಧವಾರ ಮಧ್ಯಾಹ್ನ ಎರಡೂವರೆಗೆ ಅವಳು ಲೈನಿನ ಉದ್ದಕ್ಕೂ ನಡೆದು ಬರುತ್ತಿದ್ದಳು. ಕಾಲರ್ ಮೆಷಿನ್ನಿನ ಪಕ್ಕ ಒಂದು ಗುಲಾಬಿ ಬಣ್ಣದ ಬಾಟಲಿ, ಕುತ್ತಿಗೆಯವರೆಗೆ ನೀರು. ಬೆಳಿಗ್ಗೆಯೂ ಅಷ್ಟೇ ಇತ್ತು. ಅವಳ ಕಾಲು ತಾನಾಗಿ ನಿಂತಿತು.

"ಕುಡೀತಿಲ್ವಾ?"

ಸ್ಪೀಡ್ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಬಾಯಾರಿಕೆ ಇಲ್ಲ ಮೇಡಂ."

ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಅಂತಲೂ ತಿಳಿಯದಷ್ಟು ಸಿಟ್ಟು ಬಂತು ಅವಳಿಗೆ. ಒಂದು ಬಾಟಲಿ ಖಾಲಿಯಾಯಿತು ಅಂತ ಹನ್ನೊಂದು ಪುಟ ಬರೆದಿದ್ದಳು. ಅದು ಖಾಲಿಯಾಗುವಾಗ ಇನ್ನೊಂದು ತುಂಬಿಕೊಂಡದ್ದು ಕಂಡಿರಲಿಲ್ಲ. ಅಲ್ಲಿಂದ ಬಾಗಿಲಿನವರೆಗೆ ನಡೆಯುವಷ್ಟರಲ್ಲಿ ಒಂದು ತೀರ್ಮಾನಕ್ಕೆ ಬಂದಳು: ಬಿಲ್ಲೆ ಒಬ್ಬರ ಹತ್ತಿರವೇ ಇರಬಾರದು. ವಾರಕ್ಕೊಬ್ಬರು ಇಟ್ಟುಕೊಳ್ಳಲಿ, ಇವತ್ತು ಕೇಳಿಸಿಕೊಳ್ಳುವವಳು ಮುಂದಿನ ವಾರ ಕೇಳುವವಳಾಗಲಿ. ಶನಿವಾರ ಎಲ್ಲರ ಮುಂದೆ ಇಡುವುದು, ಕೈ ಎತ್ತಿಸುವುದು. ಅದಕ್ಕೆ ಮೊದಲು ಅಕ್ಕನಿಗೆ ಒಂದು ಮಾತು ಹೇಳದೆ ಇದ್ದರೆ ಅದು ಬೆನ್ನಿಗೆ ಚೂರಿ. ಅವಳ ವಾರ ಬಂದಾಗ ಸರಿ, ಬೇರೆಯವರ ವಾರದಲ್ಲಿ ಅಕ್ಕ ಮತ್ತೆ ನೀರು ಬಿಟ್ಟರೆ? ಹಾಗಂತ ಸುಮ್ಮನಿರುವುದಕ್ಕೂ ಆಗುವುದಿಲ್ಲ.

ಕಾಜಾ ಮೆಷಿನ್ನಿನ ಮುಂದೆ ಬಂದು ನಿಂತಳು. ಅವಳು ಅಲ್ಲಿಗೆ ಬಂದದ್ದು ಎರಡು ಕೆಲಸಕ್ಕೆ. ಒಂದು, ಈ ಮಾತು ಹೇಳಲು. ಇನ್ನೊಂದು ಕೆಳಹೊಟ್ಟೆಯದು, ಬೆಳಿಗ್ಗೆಯಿಂದ ತಡೆದಿದ್ದಳು, ಯಾಕೆ ತಡೆದಿದ್ದಳು ಅಂತ ತನ್ನನ್ನು ತಾನು ಕೇಳಿಕೊಳ್ಳಲು ಧೈರ್ಯವಿರಲಿಲ್ಲ.

ಯಾವುದನ್ನು ಮೊದಲು ಹೇಳುವುದು? ಬಿಲ್ಲೆ ನಿಮ್ಮ ಕೈ ಬಿಟ್ಟು ಹೋಗಬಹುದು ಅಂತ ಮೊದಲು ಹೇಳಿದರೆ ಅಕ್ಕ ಮರುಮಾತಿಲ್ಲದೆ ಆ ಕ್ಷಣವೇ ಬಿಲ್ಲೆ ಕೊಟ್ಟುಬಿಡುತ್ತಾಳೆ. ಆಗ ಕೇಳಿದವಳು ಲೈನಿನ ಒಬ್ಬ ಹೆಂಗಸಲ್ಲ, ಸೂಪರ್‌ವೈಸರು.

"ಅಕ್ಕ, ಬಿಲ್ಲೆ ಬೇಕಿತ್ತು," ಅಂದಳು.

ಕಾಜಾ ಅಕ್ಕ ತಲೆ ಎತ್ತದೆ ಶರ್ಟಿನ ಪಟ್ಟಿಯನ್ನು ಮುಂದಕ್ಕೆ ಸರಿಸಿದಳು. ಮೆಷಿನ್ನು ಟಕ ಟಕ ಅಂತ ಒಂದು ಕಾಜಾ ಮುಗಿಸಿತು. ಬಿಲ್ಲೆ ಅವಳ ಮೊಣಕೈ ಪಕ್ಕದಲ್ಲೇ ಇತ್ತು.

"ಈಗಲೇನಾ?" ಅಂದಳು. "ಈ ಆರು ಶರ್ಟು ಆಗ್ಲಿ ಮೇಡಂ, ತಡೀರಿ. ನಿಮಗೆ ಮೊದಲು ಕೊಟ್ರೆ ಹುಡುಗೀರು ಏನಂದ್ಕೊಳ್ತಾರೆ."

ನ್ಯಾಯವಾದ ಮಾತೇ. ಮೂವತ್ತು ಮೆಷಿನ್ನುಗಳ ಸದ್ದಿನ ನಡುವೆ, ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಹೇಳಬೇಕಾದ ಮಾತನ್ನು ಬಾಯಲ್ಲೇ ಹಿಡಿದುಕೊಂಡು ಅವಳು ನಿಂತಳು. ಎರಡು ಶರ್ಟು ಆಯಿತು. ಮೂರನೆಯದರ ದಾರ ತುಂಡಾಯಿತು. ಕಾಜಾ ಅಕ್ಕ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಕಣ್ಣು ಕಿರಿದು ಮಾಡಿ, ಅವಸರವಿಲ್ಲದೆ ಸೂಜಿಗೆ ಪೋಣಿಸತೊಡಗಿದಳು.